ಎರಡು ಬೆರಳಿನ ಎತ್ತರ

ಒಂದು ವಸ್ತುವನ್ನು ಇನ್ನೊಬ್ಬರಿಗೆ ಕೊಟ್ಟ ಮೇಲೆ ಅದರ ವಿಷಯದಲ್ಲಿ ಬಾಯಿ ತೆರೆಯುವ ಹಕ್ಕು ಕೊಟ್ಟವನಿಗೆ ಎಷ್ಟು ಉಳಿದಿರುತ್ತದೆ? ಈ ಪ್ರಶ್ನೆ ನನಗೆ ಯಾವ ಗ್ರಂಥದಿಂದಲೂ ಹುಟ್ಟಲಿಲ್ಲ. ಹೋದ ಮಾಘಮಾಸದ ಒಂದು ಭಾನುವಾರ, ಮೈಸೂರಿನ ನಮ್ಮ ಮನೆಯ ಮುಂದೆ, ಎಣ್ಣೆ ಮೆತ್ತಿದ ಗೋಣಿತಾಟಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಮಗನ ಕೈಗೆ ಸ್ಪ್ಯಾನರು ಎತ್ತಿಕೊಡುತ್ತಿದ್ದಾಗ ಹುಟ್ಟಿತು. ಅಂಥ ಸ್ಥಳದಲ್ಲಿ ತತ್ತ್ವಜಿಜ್ಞಾಸೆ ಹುಟ್ಟಬಾರದೆಂದೇನೂ ಇಲ್ಲವಲ್ಲ.

ವಸ್ತು ಎಂದೆನಷ್ಟೆ. ಅದು 1999ರ ಒಂದು ಮಾರುತಿ ಜೆನ್ ಕಾರು. ಆ ಹೆಸರಿನ ಕಾರು ನಮ್ಮ ದೇಶದ ಬೀದಿಗೆ ಇಳಿದದ್ದು 1993ರಲ್ಲಿ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತ, ಸಾಲದ ಕಂತು ಲೆಕ್ಕ ಹಾಕುತ್ತ, ಅದನ್ನು ಕೊಳ್ಳುವ ಧೈರ್ಯ ಮಾಡುವ ಹೊತ್ತಿಗೆ ಆರು ವರ್ಷ ಕಳೆದಿತ್ತು. ಮಗನಿಗೆ ಮೊದಲ ಕೆಲಸ ಸಿಕ್ಕಿದ ದಿನ, ಸಂತೋಷದ ಭರದಲ್ಲಿ, ಪಾಯಸದ ಬಟ್ಟಲು ಕೈಯಲ್ಲಿರುವಾಗಲೇ, "ಇನ್ನು ಮೇಲೆ ಕಾರು ನಿನ್ನದಪ್ಪ" ಎಂದುಬಿಟ್ಟೆ. ಕಾಗದಪತ್ರವನ್ನೂ ಅವನ ಹೆಸರಿಗೆ ಮಾಡಿಸಿಕೊಟ್ಟೆ. ಅವನು ಕಣ್ಣಲ್ಲಿ ನೀರು ತಂದುಕೊಂಡ. ನಾನೂ ತಂದುಕೊಂಡೆ. ಅಲ್ಲಿಗೆ ದಾನಪ್ರಕರಣ ಮುಗಿಯಿತೆಂದು ಇಬ್ಬರೂ ತಿಳಿದೆವು.

ಕೆಲವು ವರ್ಷ ಅದು ಕೊಟ್ಟಂತೆಯೇ ಓಡುತ್ತಿತ್ತು. ಆಮೇಲೆ ಒಂದು ಸಂಜೆ ಮಗ ಬೆಂಗಳೂರಿನಿಂದ ಬರುವಾಗ ಡಿಕ್ಕಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ತಂದ. ಒಳಗೆ ಕೆಂಪು ಬಣ್ಣ ಬಳಿದ ನಾಲ್ಕು ಸ್ಪ್ರಿಂಗುಗಳು. "ಇವನ್ನು ಹಾಕಿದರೆ ಕಾರು 35 ಮಿಲಿಮೀಟರು ತಗ್ಗುತ್ತೆ ಅಪ್ಪ" ಎಂದ. ನಾನು ಎರಡು ಬೆರಳು ಜೋಡಿಸಿ ನೋಡಿಕೊಂಡೆ. ಅಷ್ಟೇ. ಎರಡು ಬೆರಳಿನ ಎತ್ತರ.

ಜನ ಎತ್ತರವಾಗಲು ಹಂಬಲಿಸುವುದನ್ನು ಕಂಡಿದ್ದೆ. ಹಣ ಕೊಟ್ಟು ತಗ್ಗುವುದನ್ನು ಕಂಡಿರಲಿಲ್ಲ. ಏಕೆ ಎಂದು ಕೇಳಿದೆ. ಅವನ ಉತ್ತರದಲ್ಲಿ ಅರ್ಧ ಭೌತಶಾಸ್ತ್ರವಿತ್ತು, ಇನ್ನರ್ಧ ಸೌಂದರ್ಯಶಾಸ್ತ್ರ. ಗುರುತ್ವಕೇಂದ್ರ ಕೆಳಗಿಳಿದರೆ ತಿರುವಿನಲ್ಲಿ ಹೊರಗಿನ ಚಕ್ರಗಳ ಕಡೆಗೆ ಜಾರುವ ಭಾರ ಸ್ವಲ್ಪ ಕಡಿಮೆಯಾಗುತ್ತದೆ, ಬಂಡಿ ವಾಲುವುದೂ ಕಡಿಮೆ. ಇದು ನಿಜ. ತೀರ ತಗ್ಗಿಸಿದರೆ ಚಕ್ರವನ್ನು ಹಿಡಿದ ತೋಳುಗಳ ಓರೆ ಕೆಟ್ಟು ಲಾಭವೇ ತಿರುವುಮುರುವಾಗುವುದೂ ಉಂಟು; ಅದನ್ನು ಅವನೇ ಹೇಳಿದ, ಪ್ರಾಮಾಣಿಕ ಹುಡುಗ. ಸೌಂದರ್ಯದ ಭಾಗ ಹೀಗೆ: ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಕಾಣುವ ಖಾಲಿ ಅವನ ಕಣ್ಣಿಗೆ ಗಿಡ್ಡ ಪಂಚೆಯಂತೆ ಕಾಣುತ್ತದಂತೆ. ಇಪ್ಪತ್ತೈದು ವರ್ಷ ಆ ಕಾರನ್ನು ನೋಡಿದ ನನಗೆ ಆ ಖಾಲಿ ಒಮ್ಮೆಯೂ ಕಂಡಿರಲಿಲ್ಲ. ಅಂದಿನಿಂದ ಅದೊಂದೇ ಕಾಣತೊಡಗಿತು.

ಈ ಹವ್ಯಾಸದ ಚರಿತ್ರೆಯನ್ನೂ ಅವನಿಂದಲೇ ಕಲಿತೆ. ಪಂದ್ಯದ ಓಟಗಾರರು ವೇಗಕ್ಕಾಗಿ ಕಾರನ್ನು ತಗ್ಗಿಸಿದರೆ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೆಕ್ಸಿಕನ್ ಮೂಲದ ತರುಣರು ನಿಧಾನಕ್ಕಾಗಿ ತಗ್ಗಿಸಿದರಂತೆ: ಸಂಜೆ ಬೀದಿಯಲ್ಲಿ ಮೆರವಣಿಗೆಯ ದೇವರಂತೆ ಮೆಲ್ಲನೆ ಸಾಗಲಿಕ್ಕೆ. ಅಲ್ಲಿಯ ಸರ್ಕಾರ 1958ರಿಂದ, ಕಾರಿನ ಒಡಲು ಚಕ್ರದ ಉಕ್ಕಿನ ಅಂಚಿಗಿಂತ ಕೆಳಗಿಳಿಯಬಾರದು ಎಂದು ಕಾಯಿದೆ ಮಾಡಿತು. ಜಾಣರು ಮರುವರ್ಷವೇ ಎಣ್ಣೆಯ ಒತ್ತಡದ ಪಂಪು ಜೋಡಿಸಿ, ಪೋಲೀಸರು ಕಂಡೊಡನೆ ಕಾರು ಎದ್ದು ನಿಲ್ಲುವಂತೆ ಮಾಡಿದರು. ಹಿರಿಯರು ಬಂದಾಗ ಕಾಲುಮಣೆಯಿಂದ ಕಾಲು ಇಳಿಸಿ ಕೂರುವ ಹುಡುಗರ ನೆನಪಾಯಿತು ನನಗೆ.

ನಮ್ಮಲ್ಲಿಯೂ ಕಾಯಿದೆ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಬಂಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿಯೇ ಎತ್ತಿ ಹಿಡಿಯಿತು. "ನೋಂದಣಿ ಪತ್ರದಲ್ಲಿ ಸ್ಪ್ರಿಂಗಿನ ಎತ್ತರ ಬರೆದಿಲ್ಲವಲ್ಲ ಅಪ್ಪ" ಎಂದು ಮಗ. ವಕೀಲರ ಮಾತು ಅದು; ನಾನು ವಕೀಲನಲ್ಲ. ಆದರೆ ಕಾಯಿದೆಯ ಮಾತು ಕೇಳಿದಾಗ ನನ್ನ ಪ್ರಶ್ನೆಗೆ ಇನ್ನೊಂದು ಮುಖ ಬಂತು. ಕೊಟ್ಟವನು ನಾನು, ಪಡೆದವನು ಅವನು ಎಂದು ಯೋಚಿಸುತ್ತಿದ್ದೆ. ಬೀದಿಯಲ್ಲಿ ಎದುರು ಬರುವ ಅಪರಿಚಿತನೂ ಈ ವಸ್ತುವಿನ ಮೇಲೆ ಒಂದು ಪಾಲು ಹಕ್ಕು ಇಟ್ಟುಕೊಂಡಿದ್ದಾನೆಂಬುದು ಹೊಳೆದಿರಲಿಲ್ಲ. ಕಾರು ಕೊಳ್ಳುವಾಗ ಅವನು ಒಂದು ಕಾಸನ್ನೂ ಕೊಡಲಿಲ್ಲ. ಆದರೂ ಅವನ ಹಕ್ಕು ಸುಳ್ಳಲ್ಲ.

ಇಷ್ಟೆಲ್ಲ ಯೋಚನೆ ಒಳಗೆ ನಡೆಯುತ್ತಿದ್ದರೂ ನಾನು ಬಾಯಲ್ಲಿ ಹೇಳಿದ್ದು ಒಂದೇ ಮಾತು: "ನಿನ್ನ ಕಾರು, ನಿನ್ನ ಇಷ್ಟ." ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ನಮ್ಮ ಹಿಂದಿನವರು ಗಾದೆ ಮಾಡಿದ್ದಾರೆ. ಕ್ರೂರವಾದ ಗಾದೆ, ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಅದನ್ನು ಎಂದೂ ಒಪ್ಪಿದವನಲ್ಲ. ಕಾರಿನ ವಿಷಯದಲ್ಲಿ ಒಪ್ಪಿದಂತೆ ನಟಿಸಿದೆ. ಹಾಗೆ ನಟಿಸುವುದರಲ್ಲಿ ಒಂದು ದೊಡ್ಡತನವಿದೆ ಎಂದು ನನಗೆ ತೋರಿತ್ತು. ಮಗನಿಗೆ ಅಡ್ಡಬಾರದ ತಂದೆ! ನೆರೆಯವರು ನೋಡಿ ಕಲಿಯಲಿ!

ಬಡಾವಣೆಯ ಗ್ಯಾರೇಜಿನಾತ ಸುಲಭೋಪಾಯ ಹೇಳಿದ್ದ. ಹೊಸ ಸ್ಪ್ರಿಂಗು ಯಾಕೆ ಸಾರ್, ಹಳೆಯದರಲ್ಲೇ ಒಂದು ಸುತ್ತು ಕತ್ತರಿಸಿ ಎಸೆದರಾಯಿತು ಎಂದು. ಇನ್ನು ಕೆಲವೆಡೆ ಗ್ಯಾಸಿನ ಉರಿ ಹಿಡಿದು ಕಾಯಿಸಿ ಕುಸಿಯುವಂತೆ ಮಾಡುತ್ತಾರೆಂದೂ ಕೇಳಿದೆ. ಉಕ್ಕಿಗೆ ಹದ ಕೊಡಲು ಕಾರ್ಖಾನೆಯಲ್ಲಿ ಪಟ್ಟ ಪಾಡೆಲ್ಲ ಆ ಉರಿಯಲ್ಲಿ ಹೊಗೆಯಾಗುತ್ತದೆ. ಮಗ ಇವೆರಡಕ್ಕೂ ತಲೆಯಾಡಿಸಲಿಲ್ಲ. ತಾನೇ ಮಾಡಬೇಕು, ಮನೆಯಲ್ಲೇ, ಕ್ರಮವಾಗಿ ಮಾಡಬೇಕು. ಒಳಗೊಳಗೆ ನನಗೆ ಹೆಮ್ಮೆಯೇ ಆಯಿತು.

ಆ ಭಾನುವಾರ ಕಾರನ್ನು ಜಾಕಿನಿಂದ ಎತ್ತಿ, ಕಬ್ಬಿಣದ ಸ್ಟಾಂಡುಗಳ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆವು. ಮುಂದಿನ ಚಕ್ರ ಬಿಚ್ಚಿದರೆ ಕಾಣುವುದು ಸ್ಪ್ರಿಂಗೂ ಷಾಕ್ ಅಬ್ಸಾರ್ಬರೂ ಒಂದೇ ಕಂಬವಾಗಿ ಹೆಣೆದುಕೊಂಡ ಜೋಡಣೆ. ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಇಂಜಿನಿಯರು 1940ರ ದಶಕದಲ್ಲಿ ರೂಪಿಸಿದ್ದು; ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲು ಅದನ್ನೇ ನಂಬಿವೆ. ಕೆಳಗಿನ ಎರಡು ಬೋಲ್ಟು, ಮೇಲೆ ಬಾನೆಟ್ಟಿನೊಳಗಿನ ನಟ್ಟುಗಳು ಬಿಚ್ಚಿದರೆ ಕಂಬವೇ ಕೈಗೆ ಬರುತ್ತದೆ. ಬಂತು. ಇಪ್ಪತ್ತೈದು ವರ್ಷದ ತುಕ್ಕು ಬರಲು ಒಪ್ಪಿದ್ದು ಎರಡು ಗಂಟೆಯ ಮೇಲೆ. ಅದರ ವಿವರ ಬೇಡ.

ಮುಂದಿನದು ಅಪಾಯದ ಕೆಲಸ. ಕಾರು ನಿಂತಾಗ ಮುಂದಿನ ಒಂದೊಂದು ಸ್ಪ್ರಿಂಗು ಹೊರುವುದು ಇನ್ನೂರು ಕಿಲೊ ಆಸುಪಾಸಿನ ಭಾರ. ಭಾರ ತೆಗೆದು ಕಂಬವನ್ನು ನೆಲದ ಮೇಲೆ ಮಲಗಿಸಿದಾಗಲೂ ಅದಕ್ಕೆ ಪೂರ್ತಿ ಬಿಡುಗಡೆಯಿಲ್ಲ. ತುದಿಯ ಒಂದು ನಟ್ಟು ಅದನ್ನು ಅದುಮಿ ಹಿಡಿದಿರುತ್ತದೆ. ಆ ನಟ್ಟನ್ನು ಸುಮ್ಮನೆ ಬಿಚ್ಚಿದವನ ಮುಖಕ್ಕೆ ಸ್ಪ್ರಿಂಗು ಬರುತ್ತದೆ. ಆದ್ದರಿಂದ ಮೊದಲು ಸ್ಪ್ರಿಂಗಿನ ಎರಡು ಎದುರುಬದುರು ಮಗ್ಗುಲಿಗೆ ಕೊಕ್ಕೆಯುಳ್ಳ ಎರಡು ಉದ್ದ ತಿರುಪುಗಳನ್ನು ಹಾಕಿ, ಎರಡನ್ನೂ ಸಮವಾಗಿ, ಇಲ್ಲೊಂದು ಸುತ್ತು ಅಲ್ಲೊಂದು ಸುತ್ತು ತಿರುಗಿಸುತ್ತ ಅದನ್ನು ಕುಗ್ಗಿಸಬೇಕು. ಸ್ನೇಹಿತನಿಂದ ಎರವಲು ತಂದ ಕೊಕ್ಕೆಗಳು. ಒಂದು ಬದಿಗೆ ಮಗ, ಇನ್ನೊಂದು ಬದಿಗೆ ನಾನು.

ನಾನು ಮೂವತ್ತು ವರ್ಷ ಹುಡುಗರಿಗೆ ಸ್ಪ್ರಿಂಗಿನ ನಿಯಮ ಹೇಳಿಕೊಟ್ಟವನು. ರಾಬರ್ಟ್ ಹುಕ್ ಅದನ್ನು ಕಂಡುಹಿಡಿದು, ಬೇರೆಯವರು ಕದಿಯದಿರಲೆಂದು 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚು ಹಾಕಿಸಿ, 1678ರಲ್ಲಿ ಬಿಡಿಸಿ ಹೇಳಿದ: ಹಿಗ್ಗಿದಷ್ಟು ಬಲ. ಪ್ರಯೋಗಶಾಲೆಯಲ್ಲಿ ಐವತ್ತು ಗ್ರಾಮಿನ ತೂಕಗಳನ್ನು ಒಂದೊಂದಾಗಿ ನೇತುಹಾಕಿ, ಗೀಟು ಹಾಕಿದ ಕಾಗದದ ಮೇಲೆ ನೆಟ್ಟಗಿನ ರೇಖೆ ಎಳೆಸಿ, ಅಂಕ ಕೊಟ್ಟವನು. ಆ ನಿಯಮ ಉಸಿರಾಡುತ್ತದೆಂದು ತಿಳಿದದ್ದು ಅಂದು. ಪ್ರತಿ ಸುತ್ತಿಗೂ ಸ್ಪ್ಯಾನರು ಭಾರವಾಗುತ್ತಿತ್ತು. ಮಗ "ಒಂದು... ಒಂದು... ಒಂದು..." ಎಂದು ಎಣಿಸುತ್ತಿದ್ದ. ನಾನು ತಿರುಗಿಸುತ್ತಿದ್ದೆ, ಅಥವಾ ತಿರುಗಿಸುತ್ತಿದ್ದೇನೆಂದು ನಂಬಿದ್ದೆ.

ಒಮ್ಮೆಲೇ ಸ್ಪ್ರಿಂಗು ಬಾಳೆಕಾಯಿಯಂತೆ ಒಂದು ಪಕ್ಕಕ್ಕೆ ಬಾಗಿತು. ಟಣ್ ಎಂದು ಶಬ್ದ. ನನ್ನ ಬದಿಯ ಕೊಕ್ಕೆ ಒಂದು ಬೆರಳಷ್ಟು ಜಾರಿ, ದೇವರು ದೊಡ್ಡವನು, ಪಕ್ಕದ ಸುತ್ತಿಗೆ ಕಚ್ಚಿಕೊಂಡು ನಿಂತಿತು. ಮಗನ ಮುಖ ಅದರ ಮೇಲೆ ಒಂದು ಮೊಳ ದೂರದಲ್ಲಿತ್ತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವನು ತಿರುಪಿನ ಮರೆಗಳನ್ನು ಲೆಕ್ಕ ಹಾಕಿ ನೋಡಿದ. ನನ್ನ ಬದಿ ನಾಲ್ಕು ಸುತ್ತು ಹಿಂದೆ ಬಿದ್ದಿತ್ತು.

ವಯಸ್ಸಾಯಿತು, ಗಮನ ತಪ್ಪಿತು ಎಂದು ಹೇಳಿ ಪಾರಾಗಬಹುದಿತ್ತು. ಮಗನೂ ಹಾಗೆಯೇ ತಿಳಿದಂತೆ ಮಾಡಿದ. ಆದರೆ ಅಂದು ರಾತ್ರಿ ನಿದ್ರೆ ಬರಲಿಲ್ಲ. ಪ್ರಯೋಗಶಾಲೆಯಲ್ಲಿ ಸಾವಿರಾರು ವಾಚನಗಳನ್ನು ತಪ್ಪಿಲ್ಲದೆ ತೆಗೆದ ಕೈ ಇದು. ಬೇಕೆಂದು ತಪ್ಪಿದ್ದೆನೇ? ಇಲ್ಲ, ಖಂಡಿತ ಇಲ್ಲ. ಹಾಗಾದರೆ ಪೂರ್ತಿ ಮನಸ್ಸಿಟ್ಟು ತಿರುಗಿಸಿದ್ದೆನೇ? ಅದೂ ಇಲ್ಲ. ಬಾಯಿ "ನಿನ್ನ ಇಷ್ಟ" ಎಂದಿತ್ತು. ಬಾಯಿಗೆ ಬಾರದ "ಬೇಡ" ಎಂಬುದು ಕೈಗೆ ಇಳಿದು ಕೂತಿತ್ತು. ಒಲ್ಲದ ಕೆಲಸವನ್ನು ಒಪ್ಪಿದ ಆಳು ಹೇಗೆ ಗುದ್ದಲಿ ಎತ್ತುತ್ತಾನೆ ನೋಡಿದ್ದೀರಲ್ಲ? ಹಾಗೆ. ಮೌನವಾಗಿರುವುದು ದೊಡ್ಡತನ ಎಂದುಕೊಂಡಿದ್ದೆ. ನೇರವಾಗಿ "ಬೇಡ" ಎಂದಿದ್ದರೆ ಅವನು ನನ್ನೊಡನೆ ಜಗಳವಾಡಬಹುದಿತ್ತು, ನನ್ನನ್ನು ದೂರವಿಟ್ಟು ಬೇರೊಬ್ಬ ಗಟ್ಟಿಯಾಳನ್ನು ಜೊತೆಗೆ ಕರೆಯಬಹುದಿತ್ತು. ನನ್ನ ಮೌನ ಅವನಿಂದ ಆ ಎರಡು ದಾರಿಗಳನ್ನೂ ಕಿತ್ತುಕೊಂಡು, ಅವನ ಮುಖವನ್ನು ಸ್ಪ್ರಿಂಗಿನ ಎದುರು ತಂದು ನಿಲ್ಲಿಸಿತ್ತು.

ಬೆಳಗ್ಗೆ ಕಾಫಿಯ ಹೊತ್ತಿಗೆ ಹೇಳಿದೆ: "ಸುತ್ತು ತಪ್ಪಿದ್ದು ವಯಸ್ಸಿನಿಂದಲ್ಲಪ್ಪ. ನನಗೆ ಈ ಕೆಲಸ ಮೊದಲಿಂದಲೂ ಇಷ್ಟವಿರಲಿಲ್ಲ."

"ನನಗೆ ಗೊತ್ತಿತ್ತು ಅಪ್ಪ" ಎಂದ. ಸ್ವಲ್ಪ ತಡೆದು, "ನೀವು ಬೇಡ ಅಂದಿದ್ದರೆ ಎರಡು ದಿನ ಜಗಳ ಆಡ್ತಿದ್ವಿ. ಅಷ್ಟೇ ತಾನೆ?"

ಅಷ್ಟೇ. ಎರಡು ದಿನದ ಜಗಳ ಉಳಿಸಲು ನಾನು ಏನನ್ನು ಪಣಕ್ಕೆ ಒಡ್ಡಿದ್ದೆ!

ಕೆಲಸ ನಿಲ್ಲಲಿಲ್ಲ, ಅವನು ಒಂದು ದಿನ ರಜಾ ಹಾಕಿದ. ಉಳಿದದ್ದನ್ನು ಎಣಿಸಿ, ಜೋರಾಗಿ ಎಣಿಸಿ ಮುಗಿಸಿದೆವು. ಕೊನೆಯಲ್ಲಿ ಒಂದು ಸಂಗತಿ ಕಲಿತೆ. ಕಂಬವನ್ನು, ತೋಳುಗಳನ್ನು ಮತ್ತೆ ಜೋಡಿಸುವಾಗ ರಬ್ಬರಿನ ಬುಷ್‌ಗಳಿರುವ ಕೀಲುಗಳ ಬೋಲ್ಟನ್ನು ಪೂರ್ತಿ ಬಿಗಿಯಬಾರದು. ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿ, ಅದು ತನ್ನ ಹೊಸ ಎತ್ತರದಲ್ಲಿ ತನ್ನ ಭಾರಕ್ಕೆ ತಾನೇ ಕೂತ ಮೇಲೆ ಬಿಗಿಯಬೇಕು. ಗಾಳಿಯಲ್ಲಿ ನೇತಾಡುವಾಗ ಬಿಗಿದರೆ, ಕೆಳಗಿಳಿದ ಮೇಲೆ ರಬ್ಬರು ಜೀವಮಾನವೆಲ್ಲ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕಾರಿನ ಕೆಳಗೆ ಅಂಗಾತ ಮಲಗಿ ಮಗ ಇದನ್ನು ವಿವರಿಸುತ್ತಿದ್ದಾಗ ನನಗೆ ಆ ಪಾಯಸದ ಬಟ್ಟಲು ನೆನಪಾಯಿತು. ಸಂತೋಷದಲ್ಲಿ ನೆಲದಿಂದ ಒಂದು ಗೇಣು ಮೇಲೆ ನಿಂತಿದ್ದ ಹೊತ್ತಿನಲ್ಲಿ ಬಿಗಿದ ಬೋಲ್ಟು ಅದು.

ಕಾರು ತಗ್ಗಿತು. ಚೆನ್ನಾಗಿಯೇ ಕಂಡಿತು, ಸುಳ್ಳೇಕೆ ಹೇಳಲಿ? ಚಕ್ರಗಳ ಓರೆಯನ್ನು ಸರಿಪಡಿಸಿಕೊಂಡು ಬಂದೆವು. ಒಂದು ವಿಚಿತ್ರ ಮಾತ್ರ ಅನುಭವಕ್ಕೆ ಬಂತು. ತಗ್ಗಿದ ಕಾರು ಮೆತ್ತಗಾಗಿರಲಿಲ್ಲ, ಗಡುಸಾಗಿತ್ತು. ಕಾರಣ ಸರಳ: ಎತ್ತರವಿದ್ದಾಗ ಹಳ್ಳಕ್ಕೆ ಬಿದ್ದ ಚಕ್ರ ಮೇಲೆದ್ದು ಆಡಲು ಜಾಗವಿತ್ತು, ಈಗ ಆ ಜಾಗದಲ್ಲಿ ಎರಡು ಬೆರಳು ಹೋಗಿದೆ. ಉಳಿದ ಸ್ಥಳದಲ್ಲೇ ಪೆಟ್ಟನ್ನು ನಿಲ್ಲಿಸಬೇಕಾದರೆ ಸ್ಪ್ರಿಂಗು ಬಿರುಸಾಗಿರಲೇಬೇಕು. ತಗ್ಗುವುದೂ ಬಗ್ಗುವುದೂ ಒಂದೇ ಎಂದು ಭಾಷೆ ಅವೆರಡನ್ನೂ ಜೋಡಿ ಮಾಡಿಟ್ಟಿದೆ. ಸ್ಪ್ರಿಂಗಿನ ವಿಷಯದಲ್ಲಿ ಸುಳ್ಳು. ಮಗನ ಮುಂದೆ ತಗ್ಗಿ ಕೂತಿದ್ದ ತಂದೆಯ ವಿಷಯದಲ್ಲಿಯೂ ಸುಳ್ಳೆಂದು ಆಗಲೇ ಒಪ್ಪಿಕೊಂಡಿದ್ದೇನೆ.

ಇನ್ನು ರಸ್ತೆಯುಬ್ಬು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದಲ್ಲಿ ಅದಕ್ಕೊಂದು ಲಕ್ಷಣ ಹೇಳಿದ್ದಾರೆ: 3.7 ಮೀಟರು ಅಗಲ, ನಡುವೆ 10 ಸೆಂಟಿಮೀಟರು ಎತ್ತರ, ಆನೆಯ ಬೆನ್ನಿನಂತೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ಆದರೆ ನಮ್ಮ ಬೀದಿಯ ಉಬ್ಬನ್ನು ಕಟ್ಟಿದ ಮಹನೀಯರು ಆ ಪುಸ್ತಕ ಓದಿದವರಲ್ಲ. ಒಂದು ರಾತ್ರಿ ಉಳಿದ ಸಿಮೆಂಟಿನಲ್ಲಿ ಕಟ್ಟಿದ್ದು ಅದು. ಕಾರಿನ ಹೊಟ್ಟೆ ಅದನ್ನು ಉಜ್ಜಿ ಹೋಗುವಾಗಿನ ಸದ್ದಿಗೆ ಬೀದಿಯ ನಾಯಿಗಳು ಏಳುತ್ತವೆ.

ಇದೆಲ್ಲ ಆದ ಹದಿನೈದು ದಿನಕ್ಕೆ ಸೋಮವಾರ ಬಂತು. ನನ್ನ ತಾಯಿಗೆ ಎಂಬತ್ತನಾಲ್ಕು. ತಿಂಗಳಿಗೊಂದು ಸೋಮವಾರ ಆಕೆಯನ್ನು ಕಾರಿನಲ್ಲಿ ನಂಜನಗೂಡಿಗೆ ಕರೆದುಕೊಂಡು ಹೋಗುವುದು ರೂಢಿ. ಆಕೆ ಕಾರು ಹತ್ತುವ ಕ್ರಮವನ್ನು ನಾನು ವರ್ಷಾನುಗಟ್ಟಲೆ ನೋಡಿದ್ದೇನೆ: ಬೆನ್ನು ಒಳಗೆ ಮಾಡಿ ನಿಂತು, ಬಾಗಿಲು ಹಿಡಿದು, ಕುರ್ಚಿಗೆ ಕೂರುವಂತೆ ಕೂತು, ಆಮೇಲೆ ಒಂದೊಂದೇ ಕಾಲು ಒಳಗೆ ತೆಗೆದುಕೊಳ್ಳುವುದು. ಅಂದು ಕೂರಲು ಹೋದಾಗ ಸೀಟು ಇರಬೇಕಾದಲ್ಲಿ ಇರಲಿಲ್ಲ. ಎರಡು ಬೆರಳು ಕೆಳಗಿತ್ತು. ಧೊಪ್ಪೆಂದು ಕೂತಳು.

"ಇದೇನೋ ಇದು, ಮಣೆ ಮೇಲೆ ಕೂತ ಹಾಗಾಯ್ತಲ್ಲೋ" ಎಂದಳು.

ನಂಜನಗೂಡಿನಲ್ಲಿ ದೇವಸ್ಥಾನದ ಹತ್ತಿರ ಆಕೆ ಏಳಲು ಮೂರು ಸಲ ಪ್ರಯತ್ನಪಟ್ಟು, ನಾಲ್ಕನೆಯ ಸಲ ಮೊಮ್ಮಗನ ಹೆಗಲು ಹಿಡಿದು ಎದ್ದಳು. ಅದುವರೆಗೆ ಯಾರ ಕೈಯನ್ನೂ ಹಿಡಿಯದೆ ಏಳುತ್ತಿದ್ದವಳು. ಮಗ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಕಾರು ಯಾರದು, ಕೊಟ್ಟವನದೋ, ಪಡೆದವನದೋ, ಕಾಯಿದೆಯದೋ, ಎದುರು ಬರುವವನದೋ ಎಂದು ತಿಂಗಳುಗಟ್ಟಲೆ ಮನಸ್ಸಿನಲ್ಲಿ ವ್ಯಾಜ್ಯ ಹೂಡಿದ್ದೆನಲ್ಲ. ಆ ಕಾರಿನಲ್ಲಿ ಕೂರುವವಳನ್ನು ಇಬ್ಬರಲ್ಲಿ ಒಬ್ಬರೂ ಕೇಳಿರಲಿಲ್ಲ. ಆಕೆ ಆ ಭಾನುವಾರವೆಲ್ಲ ನಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿ, ಅಡುಗೆಮನೆಯ ಕಿಟಕಿಯಲ್ಲಿ, ಅವರೆಕಾಯಿ ಸುಲಿಯುತ್ತ ಕೂತಿದ್ದಳು.

ಹಿಂದಿರುಗುವಾಗ ಕಪಿಲೆಯ ಸೇತುವೆ ದಾಟುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಮಗ, "ಹಳೇ ಸ್ಪ್ರಿಂಗು ಎಲ್ಲಿಟ್ಟಿದ್ದೀರಿ ಅಪ್ಪ?" ಎಂದ. ಅಟ್ಟದ ಮೇಲಿವೆ ಎಂದೆ. ಎಣ್ಣೆ ಸವರಿ, ಹಳೆಯ ವೃತ್ತಪತ್ರಿಕೆ ಸುತ್ತಿ ಇಟ್ಟಿದ್ದೆ. ಇದೇ ಪ್ರಸಂಗ ಬರುವುದೆಂದು ಕಾದಿದ್ದೆನೇ ಎಂದು ನೀವು ಕೇಳಿದರೆ ಉತ್ತರ ಹೇಳುವುದು ನನಗೆ ಕಷ್ಟ.

ಹಿಂದಿನ ಸೀಟಿನಿಂದ ಅಮ್ಮ ಹೇಳಿದಳು: "ನೀವಿಬ್ಬರೂ ಮನೇಲಿ ಅದನ್ನು ಮತ್ತೆ ಬಿಚ್ಚಕೂಡದು. ಅವತ್ತು ಟಣ್ ಅಂದಿದ್ದು ನನಗೂ ಕೇಳಿಸ್ತು. ನನಗೊಂದು ದಿಂಬು ಹಾಕಿ, ಸಾಕು."

ಕೇಳಿಸಿತ್ತು, ಹದಿನೈದು ದಿನ ಸುಮ್ಮನಿದ್ದಳು. ನಮ್ಮ ಮನೆತನಕ್ಕೇ ಈ ರೋಗ ಇದ್ದಂತಿದೆ.

ಎರಡು ದಿನ ಜಗಳವಾಯಿತು. ಮೂವರೂ ಆಡಿದೆವು. ಮಗನಿಗೆ ಕೆಂಪು ಸ್ಪ್ರಿಂಗಿನ ಮೇಲಿನ ಆಸೆ ಹೋಗಿಲ್ಲ. ತಿರುವಿನಲ್ಲಿ ಅದರ ನಡೆ ಎಷ್ಟು ಚೆನ್ನ ಎಂದು ವಾದಿಸಿದ, ಅದರಲ್ಲಿ ನಿಜವೂ ಇತ್ತು. ನಾನು ಈ ಸಲ "ನಿನ್ನ ಇಷ್ಟ" ಎನ್ನಲಿಲ್ಲ. ನನ್ನ ಇಷ್ಟವನ್ನು ಹೇಳಿದೆ, ಕಾಯಿದೆಯ ಮಾತನ್ನೂ ಹೇಳಿದೆ, ತೀರ್ಮಾನ ಮಾತ್ರ ಅವನದೇ ಎಂದೆ. ಅಮ್ಮ ತನ್ನ ಮಂಡಿಯ ಮಾತು ಬಿಟ್ಟು ಬೇರೆಲ್ಲವನ್ನೂ ಹೇಳಿದಳು. ಗೋಡೆಗೆ ಬಿಗಿದ ಗಟ್ಟಿ ಯಂತ್ರವಿರುವ ಗ್ಯಾರೇಜಿಗೆ ಕಾರನ್ನು ಒಯ್ಯುವುದೆಂದೂ, ಹಳೆಯ ಸ್ಪ್ರಿಂಗು ಅಲ್ಲಿಯೇ ಹಾಕಿಸುವುದೆಂದೂ, ಕೆಂಪಿನವು ಅಟ್ಟ ಸೇರುವುದೆಂದೂ ಅವನೇ ಗೊತ್ತುಮಾಡಿದ. ಆ ದಿನ ಬರುವವರೆಗೆ ಸೀಟಿನ ಮೇಲೆ ಹಳೆಯ ಸೀರೆಯಲ್ಲಿ ಹೊಲಿದ ಒಂದು ದಿಂಬು. ಅಳೆದು ನೋಡಿದೆ, ಸರಿಯಾಗಿ ಎರಡು ಬೆರಳು ದಪ್ಪ.

ಅಟ್ಟದಿಂದ ಇಳಿಸಿದ ಹಳೆಯ ಸ್ಪ್ರಿಂಗುಗಳು ಈಗ ಬಾಗಿಲ ಬಳಿ, ಚಪ್ಪಲಿಯ ಗೂಡಿನ ಪಕ್ಕದಲ್ಲಿ ನಿಂತಿವೆ. ಅವು ಅಲ್ಲಿ ಎಷ್ಟು ದಿನ ಇರುತ್ತವೆ ಎಂದು ಅಮ್ಮ ನಿನ್ನೆ ಕೇಳಿದಳು. ಗ್ಯಾರೇಜಿನವನು ದಿನ ಕೊಟ್ಟಿಲ್ಲ ಎಂದೆ. ಹಾಗಾದರೆ ಮಳೆಗಾಲ ಮುಗಿಯುವವರೆಗೆ ಒಂದರೊಳಗೆ ಕೊಡೆ ನಿಲ್ಲಿಸಿಕೊಳ್ಳಬಹುದೇ ಎಂದು ಕೇಳಿದಳು. ಮಗನನ್ನು ಕೇಳಿ ಹೇಳುತ್ತೇನೆ ಎಂದೆ.